ತೋಳಿಗೂ ಮೊಣಕಾಲಿಗೂ ನಡುವೆ

ಕಳೆದ ವಾರ ವಿಜಯನಗರದಲ್ಲಿ ಮೆಟ್ರೋ ಹತ್ತಿದಾಗ ಪಕ್ಕದ ಸೀಟಿನ ಹೆಂಗಸು ಮಣಿಕಟ್ಟಿಗೆ ನೋವಿನ ಮುಲಾಮು ತಿಕ್ಕಿಕೊಳ್ಳುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮ ಆಪರೇಷನ್ ಥಿಯೇಟರಿನ ಸಿಸ್ಟರ್ ನೆನಪಾದರು. ಇಳಿಯಬೇಕಾದ ನಿಲ್ದಾಣ ದಾಟಿದ್ದೂ ತಿಳಿಯಲಿಲ್ಲ...

ನಾನು ಸರ್ಜನ್. ಗುದನಾಳದ ಕ್ಯಾನ್ಸರನ್ನು ಹೊಟ್ಟೆ ತೆರೆದು ತೆಗೆಯುವುದರಲ್ಲಿ ಹದಿನೆಂಟು ವರ್ಷ ಪಳಗಿದ್ದವನಿಗೆ, ಆಸ್ಪತ್ರೆಗೆ ರೋಬೋಟ್ ಬಂದಾಗ ಮತ್ತೆ ಒಂದನೇ ಕ್ಲಾಸಿಗೆ ಸೇರಿದಂತಾಯಿತು. ಕೈ ಪಳಗಲೆಂದು ತಿಂಗಳುಗಟ್ಟಲೆ ಕಂಪ್ಯೂಟರ್ ಪರದೆಯ ಮೇಲೆ ಉಂಗುರ ಪೋಣಿಸಿದೆ, ಬಲ್ಲವರ ಪಕ್ಕ ಕೂತು ನೋಡಿದೆ, ಆಮೇಲೆ ಒಂದೊಂದೇ ಹಂತವನ್ನು ಅವರೆದುರು ಮಾಡಿದೆ. ಇದರಲ್ಲಿ ಸರ್ಜನ್ ರೋಗಿಯ ಬಳಿ ಇರುವುದಿಲ್ಲ. ಮೂಲೆಯ ಕನ್ಸೋಲಿನಲ್ಲಿ ತಲೆ ತೂರಿಸಿ ಕೂತು, ಅಲ್ಲಿಂದಲೇ ಯಂತ್ರದ ತೋಳುಗಳನ್ನು ಆಡಿಸುತ್ತಾ ಹೊಟ್ಟೆಯ ಒಳಗನ್ನು ಮಾತ್ರ ನೋಡುತ್ತಾನೆ. ಒಳಗೆ ಉಪಕರಣ ಚೂರು ಕದಲಿದರೂ ಹೊರಗೆ ಯಂತ್ರದ ತೋಳು ದೊಡ್ಡದಾಗಿ ಬೀಸುತ್ತದೆ. ಅದು ರೋಗಿಗೆ ತಾಗದಂತೆ ನೋಡಿಕೊಳ್ಳಬೇಕಾದವರು ಪಕ್ಕದಲ್ಲಿ ನಿಂತವರು. ನಮ್ಮಲ್ಲಿ ಅದು ಸಿಸ್ಟರ್ ಕೆಲಸ.

ಅವರು ಐವತ್ತು ದಾಟಿದ್ದ, ಮಿತಭಾಷಿ ಹೆಂಗಸು. ನನಗೋ ಮೂಗಿನ ತುದಿಯಲ್ಲೇ ಕೋಪ.

ಸ್ವಂತವಾಗಿ ಆಪರೇಷನ್ ಮಾಡಲು ಶುರುವಿಟ್ಟುಕೊಂಡ ದಿನಗಳಲ್ಲಿ ಕಾಮಾಕ್ಷಿಪಾಳ್ಯದ ಲೇತ್ ಕೆಲಸಗಾರರೊಬ್ಬರು ಬಂದರು. "ಸಾರ್, ಆಪರೇಷನ್ ಆದ್ಮೇಲೆ ನಿಂತ್ಕೊಂಡು ಕೆಲ್ಸ ಮಾಡ್ಬೋದಾ?" ಅವರು ಕೇಳಿದ್ದು ಅದೊಂದೇ.

ಅವರ ಆಪರೇಷನ್ನಿನ ದಿನ ಗಡ್ಡೆಯ ಕೆಳ ಅಂಚನ್ನು ಬಿಡಿಸುತ್ತಿದ್ದೆ. "ಸಾರ್, ತೋಳು ಮೊಣಕಾಲಿಗೆ ತಾಗ್ತಾ ಇದೆ," ಎಂದರು ಸಿಸ್ಟರ್.

"ಸುಮ್ನಿರಿ ಸಿಸ್ಟರ್, ಈಗ ಮಾತಾಡಿಸ್ಬೇಡಿ!" ಎಂದು ರೇಗಿದೆ.

ನಾನು ಕನ್ಸೋಲಿನಿಂದ ತಲೆ ಎತ್ತುವಾಗ ಅರ್ಧ ಗಂಟೆ ಮೇಲಾಗಿತ್ತು. ಸಿಸ್ಟರ್ ಗ್ಲೌಸ್ ಬಿಚ್ಚಿದರು. ಬಲ ಮುಂಗೈ ಊದಿ ನೀಲಿಗಟ್ಟಿತ್ತು. ಯಂತ್ರದ ತೋಳಿಗೂ ರೋಗಿಯ ಮೊಣಕಾಲಿಗೂ ನಡುವೆ ತಮ್ಮ ಕೈಯಿಟ್ಟು ಅಷ್ಟೂ ಹೊತ್ತು ನಿಂತಿದ್ದರು! ಮೊಣಕಾಲಿನ ಪಕ್ಕದಲ್ಲೇ ಒಂದು ನರವಿದೆ, ಅದು ಜಜ್ಜಿದರೆ ಮನುಷ್ಯನಿಗೆ ಪಾದ ಎತ್ತಿಡಲು ಬರುವುದಿಲ್ಲ. ಕೂಗಿ ಯಂತ್ರ ನಿಲ್ಲಿಸಬಹುದಿತ್ತು. ಆದರೆ ಗಡ್ಡೆ ಬಿಡಿಸುತ್ತಿದ್ದ ಆ ಜಾಗದಲ್ಲಿ ನಾನು ಬೆಚ್ಚಿ ಕೈ ಅಲುಗಿದರೆ ಒಳಗೆ ಇನ್ನೇನಾಗಬಹುದೆಂಬುದೂ ಅವರಿಗೆ ಗೊತ್ತಿತ್ತು.

"ಅವ್ರ ಕಾಲಿಗೇನೂ ಆಗಿಲ್ಲ ಸಾರ್, ನೋಡ್ಬಿಡಿ," ಎಂದರು.

ಕಾಲು ನೋಡಿದೆ. ಸಿಸ್ಟರ್ ಕೈಯನ್ನು ಮತ್ತೊಮ್ಮೆ ನೋಡುವ ಧೈರ್ಯ ಬರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದೆ. ವಾರವಿಡೀ ಅವರು ಮುಲಾಮು ಹಚ್ಚಿಕೊಂಡೇ ಡ್ಯೂಟಿಗೆ ಬಂದರು. ಹೇಗಿದೆ ಎಂದು ಒಂದು ಮಾತೂ ಕೇಳಲಿಲ್ಲ ನಾನು, ಆಗಲೂ, ಆಮೇಲೂ...

ಮುಂದಿನ ಆಪರೇಷನ್ನಿನಿಂದ ಮಾತ್ರ ಆಗಾಗ ಕೈ ನಿಲ್ಲಿಸಿ, ತಲೆ ಹೊರತೆಗೆದು, "ಸಿಸ್ಟರ್, ಆ ಕಡೆ ಹೇಗಿದೆ?" ಎನ್ನತೊಡಗಿದೆ. "ತೋಳು ಸ್ವಲ್ಪ ಮೇಲೆತ್ತಿ ಸಾರ್," ಎನ್ನುತ್ತಿದ್ದರು. ಎತ್ತುತ್ತಿದ್ದೆ. ನಾನು ನಿಜವಾಗಿ ಕಲಿತದ್ದು ಅಲ್ಲಿಂದ. ಎಷ್ಟು ಕೇಸ್ ಆದರೆ ಪರಿಣತಿ ಬರುತ್ತದೆ ಎಂದು ಈಗಿನ ಕಿರಿಯರು ಕೇಳುತ್ತಾರೆ. ಪಕ್ಕದವರ ಮಾತು ಕೇಳಲು ಶುರು ಮಾಡಿದ ಮೇಲಿನ ಕೇಸುಗಳನ್ನಷ್ಟೇ ಎಣಿಸಿ ಎನ್ನುತ್ತೇನೆ.

ಸಿಸ್ಟರ್ ನಿವೃತ್ತರಾಗಿ ನಂದಿನಿ ಲೇಔಟಿನ ಮಗಳ ಮನೆಯಲ್ಲಿದ್ದರು. ಹೋದ ವರ್ಷ ತೀರಿಕೊಂಡರು. ಸುದ್ದಿ ಸಿಕ್ಕಿ ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೊನ್ನೆ ಆ ಲೇತ್ ಕೆಲಸಗಾರರು ತಪಾಸಣೆಗೆ ಬಂದಿದ್ದರು. ಈಗಲೂ ನಿಂತೇ ದುಡಿಯುತ್ತಾರೆ. "ಎಲ್ಲಾ ನಿಮ್ ಕೈಗುಣ ಸಾರ್," ಎಂದು ಎಂದಿನಂತೆ ಕೈ ಮುಗಿದರು. ಪ್ರತಿ ಸಲ ನಕ್ಕು ಸುಮ್ಮನಾಗುತ್ತಿದ್ದವನು ಈ ಬಾರಿ ಅವರನ್ನು ಕೂರಿಸಿಕೊಂಡು ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಅವರು ಬಗ್ಗಿ ತಮ್ಮ ಮೊಣಕಾಲನ್ನು ಮೆಲ್ಲಗೆ ಸವರಿಕೊಂಡರು.

"ಆ ಸಿಸ್ಟರ್ ಎಲ್ಲಿದಾರೆ ಸಾರ್? ಒಂದ್ಸಲ ನೋಡ್ಬೇಕಿತ್ತು."

"ತೀರ್ಕೊಂಡ್ರು," ಎಂದೆ. "ನಾನೂ ತಡ ಮಾಡ್ಬಿಟ್ಟೆ."