ಕೆಂಪು ಚೀಟಿಯ ಪೈಪುಗಳು

ಕಾರಿನಲ್ಲಿ ಪೆಟ್ರೋಲ್ ವಾಸನೆ ಮೊದಲು ಹಿಡಿದದ್ದು ನನ್ನ ಮೂಗು. "ನಿನ್ನ ಮೂಗಿಗಿ ಒಗ್ಗರಣಿ ಬಿಟ್ಟು ಬ್ಯಾರೆ ಏನ್ ತಿಳೀತದ?" ಎಂದರು ಯಜಮಾನರು. ಮಿಸ್ತ್ರಿ ಬಂದು ಬಾನೆಟ್ ಎತ್ತಿದ. ಎಂಜಿನ್ನಿಗೆ ಪೆಟ್ರೋಲ್ ಒಯ್ಯುವ ರಬ್ಬರ್ ಪೈಪು ಮೈತುಂಬ ಬಿರುಕು ಬಿಟ್ಟು ಒದ್ದೆಯಾಗಿ ಕೂತಿತ್ತು.

ನಮ್ಮದು ಇಂಜೆಕ್ಷನ್ ಕಾರು. ಟ್ಯಾಂಕಿನೊಳಗಿನ ಪಂಪು ಪೆಟ್ರೋಲನ್ನು ಒತ್ತಿ ಕಳಿಸುತ್ತದೆ. ಪೈಪು ಒಡೆದರೆ ಬರೀ ತೊಟ್ಟಿಕ್ಕುವುದಿಲ್ಲ, ಕಾದ ಎಂಜಿನ್ನಿನ ಮೇಲೆ ಚಿಮ್ಮುತ್ತದೆ. ಪೈಪು ಬದಲಿಸದೆ ಗಾಡಿ ತೆಗೆಯಬಾರದೆಂದರು ಯಜಮಾನರು, ಒಪ್ಪಿದೆ. ಯಾವ ಪೈಪೆಂದು ತಾವೇ ಆರಿಸುತ್ತೇನೆಂದರು, ಅಲ್ಲೇ ಕುತ್ತು ಬಂತು.

ಯಾಕೆಂದರೆ ನಮ್ಮವರು ಇಲ್ಲಿ ನಾಸಿಕದ ಕಾರ್ಖಾನೆಯೊಂದರ ತಪಾಸಣೆ ವಿಭಾಗದವರು. ಕಲಬುರಗಿ ಬಿಟ್ಟು ಬಂದಾಗಿನಿಂದ ಅವರದು ಒಂದೇ ಕೆಲಸ: ಬೇರೆಯವರು ಮಾಡಿದ್ದನ್ನು ತಿರುತಿರುಗಿಸಿ ನೋಡಿ, ಕೆಂಪು ಚೀಟಿ ಕಟ್ಟಿ ವಾಪಸ್ಸು ಕಳಿಸುವುದು. ಮನೆಯಲ್ಲೂ ಕೈ ಸುಮ್ಮನಿರದು. ಬದನೆಕಾಯಿ, ಬಾಡಿಗೆ ಮನೆ, ಮಗಳಿಗೆ ಬಂದ ವರ, ಯಾವುದೂ ಅವರ ಕೈಯಲ್ಲಿ ಪಾಸಾಗಿಲ್ಲ. ಹೆಣ್ಣು ನೋಡಲು ಬಂದಾಗ ನಾನು ಹೇಗೆ ಪಾಸಾದೆನೋ! ಅಂದು ಚೀಟಿ ಮರೆತು ಬಂದಿರಬೇಕು.

ಅದೇ ಹೊತ್ತಿಗೆ ಸಂಭಾಜಿನಗರದಲ್ಲಿ ನನ್ನ ತಂಗಿಯ ಮಗಳ ಕುಬಸ. ತಂಗಿ ತೀರಿಹೋಗಿದ್ದಾಳೆ. ಬಸುರಿ ಹುಡುಗಿಗೆ ಹಸಿರು ಸೀರೆ ಉಡಿಸಿ, ತಾಯಿಯ ಮಣೆಯ ಮೇಲೆ ಕೂತು ಉಡಿ ತುಂಬಬೇಕಾದವಳು ನಾನೇ.

"ಮೌಶಿ, ನೀ ನಕ್ಕಿ ಬರ್ತಿ ನಾ?" ಎಂದು ಫೋನಿನಲ್ಲಿ ಅವಳ ಅರೆಗನ್ನಡ, ಅರೆಮರಾಠಿ; ಖಂಡಿತ ಬರುತ್ತೀಯಲ್ಲ ಎಂದು.

"ಬರ್ತೀನವ್ವಾ," ಎಂದೆ, ಅಂಗಳದ ಕಡೆ ನೋಡುತ್ತ.

ಅಂಗಳದಲ್ಲಿ ತಪಾಸಣೆ ನಡೆದಿತ್ತು. ಮಿಸ್ತ್ರಿ ಮೊದಲು ತಂದ ಪೈಪು ಹಳೇ ಕಾರ್ಬುರೇಟರ್ ಗಾಡಿಗಳದ್ದು. ಈ ಒತ್ತಡ ತಡೆಯುವುದಿಲ್ಲ, ಈಗಿನ ಎಥನಾಲ್ ಬೆರೆಸಿದ ಪೆಟ್ರೋಲಿಗೆ ಬೇಗ ಕೆಡುತ್ತದೆ. ಚೀಟಿ. ಸರಿಯೇ. ಎರಡನೆಯದು ಇಂಜೆಕ್ಷನ್ ಗಾಡಿಗೆಂದೇ ಮಾಡಿದ ರಬ್ಬರ್ ಪೈಪು. ಇದು ಆದೀತು ಅಂದುಕೊಂಡೆ.

"ಮ್ಯಾಲಿನ ಅಕ್ಷರ ಮಸುಕದಾವ. ಓದ್ಲಾಕ ಬರದ್ದು ಹೆಂಗ ನಂಬೋದು?" ಚೀಟಿ.

ನೈಲಾನ್ ತಂದರೆ ಎಂಜಿನ್ನಿನ ಕಾವಿಗೆ ಮೆತ್ತಗಾಗುತ್ತದೆ. ಉಕ್ಕಿನ ಕೊಳವೆ ತಂದರೆ ಎಂಜಿನ್ ಅಲುಗುತ್ತದೆ, ಬಾಗದ್ದು ಬಿರುಕು ಬಿಡುತ್ತದೆ. ಕೊನೆಗೆ ಬಂತು ಒಳಗೆ ಟೆಫ್ಲಾನ್, ಹೊರಗೆ ಉಕ್ಕಿನ ತಂತಿ ಹೆಣೆದದ್ದು, ನನ್ನ ಬಳೆಗಿಂತ ಚೆಂದ.

"ಒಳಗ ಹಾಳಾದ್ರ ಹೊರಗ ಕಾಣಂಗಿಲ್ಲ."

"ನಮ್ಮ ಸಂಸಾರದಂಗ್ರಿ," ಎಂದೆ. ಕೇಳಿಸಲಿಲ್ಲ.

ಅವರ ಒಂದು ಕಾರಣವೂ ಸುಳ್ಳಲ್ಲ. ಅದೇ ಅವರ ರೋಗ. ಬಟ್ಟೆ ಒಣಹಾಕುವ ಹಗ್ಗದಲ್ಲಿ ಪೈಪುಗಳೆಲ್ಲ ಕೆಂಪು ಚೀಟಿ ಕಟ್ಟಿಕೊಂಡು ತೋರಣದಂತೆ ತೂಗುತ್ತಿದ್ದವು. "ಸಾಹೇಬ್, ಈಗ ಬಿದಿರು ತರಲೇ?" ಎಂದು ಮರಾಠಿಯಲ್ಲಿ ಕೇಳಿ ಹೋದ ಮಿಸ್ತ್ರಿ ಮತ್ತೆ ಬರಲಿಲ್ಲ.

"ರೀ, ನಾಳಿಗಿ ಕುಬಸ."

"ಅವಸರ ಮಾಡಬ್ಯಾಡ. ಪೆಟ್ರೋಲ್ ಅದು, ಪಾಯಸ ಅಲ್ಲ."

ಮರುದಿನ ಬೆಳಿಗ್ಗೆ ಹಸಿರು ಸೀರೆ, ಬಳೆ, ಶೇಂಗಾ ಹೋಳಿಗೆಯ ಡಬ್ಬಿ ಎಲ್ಲ ಬುಟ್ಟಿಗೆ ತುಂಬಿದೆ. ಬಸ್ಸಿಗೆ ಹೋಗುವ ಮುಂಚೆ ಕಾರಿನ ಸ್ಟೀರಿಂಗಿಗೆ ಅವರದೇ ಒಂದು ಕೆಂಪು ಚೀಟಿ ಕಟ್ಟಿ, ದೋಷ ಬರೆಯುವ ಜಾಗದಲ್ಲಿ 'ಮಾಲಕರು' ಎಂದು ದಪ್ಪಗೆ ಬರೆದೆ.

ಗೇಟಿನ ತನಕ ಹಿಂದೆಯೇ ಬಂದರು. "ಬಸ್ಸಿನ್ ಪೈಪು ಯಾರ್ ನೋಡ್ಯಾರ?"

"ಡ್ರೈವರ್ ನೋಡಿರ್ತಾನ್ರಿ. ಅಂವಗ ಊರು ಮುಟ್ಟೋದದ."

ಬಸ್ಸು ಯೇವಲಾ, ವೈಜಾಪುರ ಎಂದು ನಿಂತು ನಿಂತು ಹೋಯಿತು. ತೊಡೆಯ ಮೇಲಿನ ಡಬ್ಬಿಯಲ್ಲಿ ಒಂದಿಷ್ಟು ಹೋಳಿಗೆ ಪುಡಿಯಾದವು. ಮನೆಯೊಳಗೆ ಕಾಲಿಟ್ಟಾಗ ಹೆಂಗಸರೆಲ್ಲ ಕೂತಿದ್ದರು, ತಾಯಿಯ ಮಣೆ ಖಾಲಿ ಇತ್ತು. ಹುಡುಗಿ ನಾನು ತಂದ ಹಸಿರು ಸೀರೆ ಉಟ್ಟು ಬಂದು ಸೆರಗು ಚಾಚಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ. ಒಂದೊಂದೇ ಉಡಿಗೆ ಹಾಕಿದೆ.

ಊಟವಾಗಿ ಎಲೆ ಎತ್ತುವಾಗ ಯಜಮಾನರ ಫೋನ್ ಬಂತು.

"ಎರಡನೇದು ಪಾಸ್ ಮಾಡೀನಿ. ಒದ್ದಿ ಬಟ್ಟಿಲೆ ಒರಸಿದೆ, ಅಕ್ಷರ ಛಂದ ಕಂಡ್ವು. ಮ್ಯಾಲ ಧೂಳು ಕುಂತಿತ್ತು, ಅಷ್ಟೇ."

"ಚಲೋ ಆತ್ರಿ. ಇಲ್ಲಿ ಉಡಿನೂ ತುಂಬೀನಿ, ಊಟನೂ ಮುಗೀತು."

"ಮತ್ತ, ಸ್ಟೀರಿಂಗಿಗಿ ಆ ಚೀಟಿ..."

"ಅಕ್ಷರ ಓದ್ಲಾಕ ಬರ್ತಾವಿಲ್ರಿ?" ಎಂದೆ.