ಮಾಸ್ಟರು ಬರೆದಿಟ್ಟ ಅಡ್ಡಹೆಸರುಗಳು

ಕೋಟು ಮಾಸ್ಟರು ತೀರಿಕೊಂಡ ಮೇಲೆ ಬೀದಿಯವರೆಲ್ಲ ಅವರ ಮಗಳಿಗೆ ಒಂದೇ ಮಾತು ಹೇಳಿ ಹೋದರು: "ಅಂಥ ಕೈ ಇನ್ನು ಹುಟ್ಟಲ್ಲ ಬಿಡಮ್ಮ." ಅವಳು ತಲೆಯಾಡಿಸಿದಳು. ಕೈ ವಿಷಯ ನಿಜವೇ. ಗೂನುಬೆನ್ನಿರಲಿ, ಮುಂದೆ ಬಂದ ಹೊಟ್ಟೆಯಿರಲಿ, ಅಪ್ಪ ಹೊಲಿದ ಕೋಟಿನೊಳಗೆ ಹೊಕ್ಕ ಮನುಷ್ಯ ನೆಟ್ಟಗಾಗಿಬಿಡುತ್ತಿದ್ದ. ಆದರೆ ಆ ಕೈಯ ಪಕ್ಕದಲ್ಲಿ ಇಪ್ಪತ್ತೆರಡು ವರ್ಷ ಕೂತವಳು ಅವಳು. ಎರಡನೇ ಮೆಷಿನ್ನಿನ ಮುಂದೆ ಅಸ್ತರು ಹಚ್ಚಿದಳು, ಕಾಜಾ ಮಾಡಿದಳು, ಗುಂಡಿ ಹೊಲಿದಳು. ಕತ್ತರಿ ಮಾತ್ರ ಅವಳ ಕೈಗೆ ಬರಲಿಲ್ಲ. ಬಟ್ಟೆ ಕತ್ತರಿಸುವ ಹೊತ್ತಿಗೆ ಸರಿಯಾಗಿ ಅಪ್ಪನಿಗೆ ನೂಲು ಮುಗಿದುಹೋಗುತ್ತಿತ್ತು, "ಹೋಗಿ ತಗೊಂಡು ಬಾ" ಎಂದು ಅಟ್ಟುತ್ತಿದ್ದ. ನೂಲಿನ ಡಬ್ಬ ತುಂಬಿ ತುಳುಕುತ್ತಿದ್ದದ್ದು ಇಬ್ಬರಿಗೂ ಗೊತ್ತಿತ್ತು.

ಅಪ್ಪ ಬಿಟ್ಟುಹೋದದ್ದೆಂದರೆ ಗೋಡೆಯ ಕೊಕ್ಕೆಗಳಿಗೆ ತೂಗುಹಾಕಿದ ಮುನ್ನೂರು ಚಿಲ್ಲರೆ ಕಂದು ಕಾಗದ. ಒಂದೊಂದೂ ಒಬ್ಬೊಬ್ಬ ಗಿರಾಕಿಯ ಮೈಗೆ ತಕ್ಕಂತೆ ಕತ್ತರಿಸಿದ ನಮೂನೆ. ಬಟ್ಟೆಯ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದರೆ ಕೋಟು ಅರ್ಧ ಆದ ಹಾಗೆ. ಆದರೆ ಒಂದರ ಮೇಲೂ ಹೆಸರಿಲ್ಲ. ಎದುರಂಗಡಿಯ ಟೈಲರು ಕದ್ದೊಯ್ದರೂ ತಲೆಬುಡ ತಿಳಿಯಬಾರದೆಂದು ಅಪ್ಪ ತನಗಷ್ಟೇ ಅರ್ಥವಾಗುವ ಅಡ್ಡಹೆಸರು ಬರೆದಿದ್ದ. ಬರೆದದ್ದಾದರೂ ಎಂಥವು! 'ಎಣ್ಣೆ ಪೀಪಾಯಿ', 'ಬಾಗಿದ ಮೊಳೆ', 'ಮುರುಕು ಛತ್ರಿ'. ಬನ್ನಿ ಬನ್ನಿ ಎಂದು ಹಲ್ಲುಕಿರಿದು, ಕುರ್ಚಿ ಒರೆಸಿ ಕೂರಿಸಿದ ಜನರನ್ನೇ ಅವರು ಮೆಟ್ಟಿಲಿಳಿದ ಮೇಲೆ ಹೀಗೆ ಗೋಡೆಗೇರಿಸಿದ್ದ.

ಮೊದಲು ಬಂದವರು ಹೊರಗೆಲ್ಲ ಅಪ್ಪ ಹೊಲಿದ ಕೋಟನ್ನೇ ತೊಡುತ್ತಿದ್ದ ಹೆಡ್‌ಮಿಸ್ಸು. ಶನಿವಾರ ಅವರ ನಿವೃತ್ತಿ ಸಮಾರಂಭ.

"ನಿಮ್ಮಪ್ಪ ಹೊಲೀತಿದ್ರಲ್ಲ, ಹಾಗೇ ಇರಬೇಕಮ್ಮ. ವೇದಿಕೆ ಮೇಲೆ ನಿಂತ್ಕೋಬೇಕು, ಇಡೀ ಸ್ಕೂಲು ನೋಡುತ್ತೆ."

ಇದೊಂದು ಕೋಟು ಸರಿಬಂದರೆ ಹಳೆಯ ಗಿರಾಕಿಗಳು ಉಳಿಯುತ್ತಾರೆ, ಅಂಗಡಿಯೂ ಉಳಿಯುತ್ತದೆ. ಕೆಟ್ಟಿತೋ, ಬಾಗಿಲು ಹಾಕಿ ಎದುರಂಗಡಿಯಲ್ಲಿ ಕಾಜಾ ಮಾಡುತ್ತ ಕೂರುವುದೇ ಗತಿ. ಅವಳು ಟೇಪು ಹಿಡಿದು ಹುಡುಕಿದಳು. ಅವರ ಎದೆಯಳತೆಯ ಕಾಗದ ಹದಿನೇಳು ಸಿಕ್ಕವು. ಎರಡು ದಿನ ತಲೆಕೆಡಿಸಿಕೊಂಡು, ಕೊನೆಗೆ ಅಳತೆ ಬಿಟ್ಟು ಅಪ್ಪನ ಹಾಗೆ ಯೋಚಿಸಿದಳು. ಹೆಡ್‌ಮಿಸ್ಸು ಕೋಟು ಕಳಚಿ ಅಳತೆಗೆ ನಿಂತರೆ ಅಪ್ಪನ ಕಣ್ಣು ಮೊದಲು ಎಲ್ಲಿಗೆ ಹೋಗುತ್ತಿತ್ತು? ಎಡ ಭುಜಕ್ಕೆ. ಅದು ಬಲ ಭುಜಕ್ಕಿಂತ ಎರಡು ಬೆರಳು ಇಳಿದಿತ್ತು. ಹದಿನೇಳರಲ್ಲಿ 'ವಾಲಿದ ಗೋಡೆ' ಎಂಬ ಕಾಗದವನ್ನು ಎಳೆದು ಭುಜದ ಗೆರೆ ನೋಡಿದಳು. ಅದೇ ಆಗಿತ್ತು.

ಗುರುವಾರ ಕಚ್ಚಾ ಹೊಲಿಗೆ ಹಾಕಿ ಮುಗಿಸುವಷ್ಟರಲ್ಲಿ ಹೆಡ್‌ಮಿಸ್ಸು ತೊಟ್ಟು ನೋಡಲು ಹೇಳಿದ್ದ ಹೊತ್ತಿಗಿಂತ ಒಂದು ಗಂಟೆ ಮೊದಲೇ ಬಂದುಬಿಟ್ಟರು. ಕಾಗದ ಮೇಜಿನ ಮೇಲೇ ಇತ್ತು. ಎಂಥ ಕೆಟ್ಟ ಕೈಬರಹವನ್ನೂ ಓದಿ ಪಳಗಿದ ಕಣ್ಣು ಅವರದು.

"ಇದು ನನ್ನದಾ?"

ಅಲ್ಲ ಎನ್ನಬಹುದಿತ್ತು. ಬಾಯಿ ಬರಲಿಲ್ಲ. "ಅದು... ಅಪ್ಪ ನೆನಪಿರಲಿ ಅಂತ..."

"ನೆನಪಿಗೆ ಹೆಸರು ಸಾಕಾಗ್ತಿತ್ತು." ಹೆಡ್‌ಮಿಸ್ಸು ಕೂಗಾಡಲಿಲ್ಲ, ಕೂಗಾಡಿದ್ದರೇ ಚೆನ್ನಾಗಿತ್ತು. "ಹೊರಗೆ ಹೋದ್ರೆ ಕೋಟು, ಮನೇಲಿದ್ರೆ ಶಾಲು. ಎರಡೂ ಇಲ್ದೆ ನಾನು ನಿಂತಿದ್ದು ಈ ಕೋಣೇಲಿ ಮಾತ್ರ ಕಣಮ್ಮ, ನಿಮ್ಮಪ್ಪನ ಮುಂದೆ."

ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೈಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟರು. ಕೋಟನ್ನು ಮುಟ್ಟಲೂ ಇಲ್ಲ. ಶನಿವಾರ ಶಾಲು ಹೊದ್ದೇ ವೇದಿಕೆ ಹತ್ತಿದರಂತೆ.

ಅವಳಿಗೆ ಸಿಟ್ಟು ನೆತ್ತಿಗೇರಿತು. ಬೈಯೋಣವೆಂದರೆ ಬೈಸಿಕೊಳ್ಳಬೇಕಾದವನು ಕೈಗೆ ಸಿಗುವ ಹಾಗಿಲ್ಲ. ಆ ಭುಜವನ್ನು ಅಷ್ಟು ಜೋಪಾನವಾಗಿ ನೋಡಿ, ಒಳಗೆ ಒಂದೊಂದೇ ಪದರ ಹತ್ತಿಯಿಟ್ಟು, ಮೂವತ್ತು ವರ್ಷ ಯಾರ ಕಣ್ಣಿಗೂ ಬೀಳದಂತೆ ಕಾಪಾಡಿದವನೂ ಅಪ್ಪನೇ, ಅದರ ಮೇಲೆ ಉಗುಳಿದವನೂ ಅಪ್ಪನೇ. ಒಂದು ಹೆಸರು ಬರೆಯಲು ಏನು ದಾಡಿಯಾಗಿತ್ತು? ಮಗಳ ಕೈಗೆ ಕತ್ತರಿ ಕೊಟ್ಟಿದ್ದರೆ ಗಂಟೇನು ಹೋಗುತ್ತಿತ್ತು? ಯಾರನ್ನೂ ನಂಬದ, ಯಾರನ್ನೂ ಮೆಚ್ಚದ ಮನುಷ್ಯ ತನ್ನ ಕೆಲಸವನ್ನೂ ತನ್ನ ಹಾಗೇ ಮಾಡಿಟ್ಟು ಹೋಗಿದ್ದಾನೆ, ಹತ್ತಿರ ಹೋದವರಿಗೆ ಚುಚ್ಚುವ ಹಾಗೆ. ಆ ಅರೆಬರೆ ಕೋಟಿನ ಹೊಲಿಗೆಯನ್ನೆಲ್ಲ ಅವಳು ಕಿತ್ತುಹಾಕಿದಳು.

ಮುಂದಿನ ವಾರ ಔಷಧಿ ಅಂಗಡಿಯ ಅಣ್ಣ ಬಂದ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ದಿನಾ ಮಾತ್ರೆ ತಂದು ಕೊಟ್ಟು, ಅವಳಿಗೆ ಊಟ ಆಯಿತೇ ಎಂದು ಕೇಳಿ ಹೋಗುತ್ತಿದ್ದವನು ಅವನೊಬ್ಬನೇ. "ಒಂದು ಕೋಟು ಆಗಬೇಕಲ್ಲಮ್ಮ. ನನ್ನ ಅಳತೆ ಮಾಸ್ಟರು ಇಟ್ಟಿರಬೇಕು, ನೋಡಿ" ಎಂದ.

ಅವಳು ತಲೆಯೆತ್ತಿ ನೋಡಿದಳು ಅಷ್ಟೇ. ಕಣ್ಣು ತಾನಾಗಿ ಅವನ ಕತ್ತಿಗೆ ಹೋಯಿತು. ಅದು ಅಂಗಿಯ ಕಾಲರಿನಿಂದ ಮುಂದಕ್ಕೆ ಚಾಚಿಕೊಂಡಿತ್ತು. 'ಆಮೆ' ಎಂದಿತು ಮನಸ್ಸು. ಬೇಡ ಬೇಡವೆಂದರೂ ಕೇಳಲಿಲ್ಲ. ಗೋಡೆಯ ಹತ್ತಿರ ಹೋಗಿ ಕಾಗದಗಳನ್ನು ಸರಿಸಿದಳು. ಮೂರನೇ ಕೊಕ್ಕೆಯಲ್ಲಿ ಅಪ್ಪನ ಅಕ್ಷರದಲ್ಲಿ ಅದೇ ಪದವಿತ್ತು, 'ಆಮೆ'. ಎರಡು ದಿನ ಹಿಡಿದಿದ್ದ ಕೆಲಸ ಈ ಸಲ ಎರಡು ನಿಮಿಷವೂ ಹಿಡಿದಿರಲಿಲ್ಲ.

"ಸಿಕ್ತಾ?" ಎಂದು ಅಣ್ಣ ಕೇಳಿದ.

ಅವಳು ಕಾಗದವನ್ನು ಬರಹ ಕಾಣದಂತೆ ಮಗುಚಿ ಕೊಕ್ಕೆಗೆ ಸಿಕ್ಕಿಸಿದಳು. "ಇಲ್ಲಣ್ಣ. ಅಪ್ಪ ಏನೂ ಬಿಟ್ಟು ಹೋಗಿಲ್ಲ. ಬನ್ನಿ, ನಾನೇ ಅಳತೆ ತಗೋತೀನಿ. ಮೊದಲನೇ ಸಲ ನೆಟ್ಟಗೆ ಬರಲ್ಲ, ಈಗ್ಲೇ ಹೇಳಿದೀನಿ."

"ಅದೇನು ಹಾಗಂತೀರಿ? ನೀವು ನಿಮ್ಮಪ್ಪನ ಮಗಳಲ್ವಾ!" ಎಂದು ಅವನು ಅಕ್ಕರೆಯಿಂದಲೇ ನಕ್ಕ.

"ಅದೇ ಭಯ ಅಣ್ಣ" ಎಂದಳು ಅವಳು, ಟೇಪು ಬಿಡಿಸುತ್ತ.