ಕಾರು ಎರಡು ಬೆರಳು ಇಳಿದದ್ದು

ಬೋಡಿಮೆಟ್ಟಿನ ಘಟ್ಟದ ದಾರಿಯಲ್ಲಿ ಕಾರಿನ ಹೊಟ್ಟೆ ಕಲ್ಲಿಗೆ ಉಜ್ಜುತ್ತದೆಂದು ನನ್ನ ಮಗ ಹೊಸ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಹಾಕಿಸಿ ಕಾರನ್ನು ಎತ್ತರ ಮಾಡಿಸಿದ. ಅಲ್ಲಿ ಗಂಡನ ಮನೆಯ ಏಲಕ್ಕಿ ತೋಟದಲ್ಲಿ ನನ್ನ ಮಗಳು ಏಳು ತಿಂಗಳ ಬಸುರಿ. "ನೀನೇ ಬಂದು ಹುಳಿಯನ್ನ ಕಲೆಸಿಕೊಡು" ಅಂತ ದಿನಾ ಫೋನು.

ಕಾರೇನೋ ಬಂತು, ಆದರೆ ಸೀಟು ನನ್ನ ಸೊಂಟದ ಎತ್ತರ! ಮಗ ಅಡುಗೆಮನೆಯ ಮಣೆ ಇಟ್ಟು ಹತ್ತಿಸಿದ. ಎದುರುಮನೆಯವಳು, "ಏನಕ್ಕಾ, ಆನೆ ಹತ್ತುತ್ತೀಯಾ?" ಅಂದಳು. ಬೀಗರ ಮುಂದೆ ಸೀರೆ ಎತ್ತಿಕೊಂಡು, ಮಣೆ ಇಟ್ಟು ಇಳಿಯುವುದಾ? ದಾರಿಯಲ್ಲಿ ಸಿಗುವ ತೇನಿ ಊರಿನಲ್ಲಿ ತಲೆನೋವೆಂದು ಹೇಳಿ ಬಸ್ಸಿನಲ್ಲಿ ಮನೆಗೆ ಮರಳುವುದೆಂದು ಒಳಗೊಳಗೇ ತೀರ್ಮಾನಿಸಿದೆ.

ತೇನಿಯ ವರ್ಕ್‌ಶಾಪಿನಲ್ಲಿ ಘಟ್ಟ ಹತ್ತುವ ಮೊದಲು ಎತ್ತರ ನೋಡಿಸಲೆಂದು ಮಗ ಕಾರು ನಿಲ್ಲಿಸಿದ. ಮೇಸ್ತ್ರಿ ಚಕ್ರದ ನಡುವಿನಿಂದ ಮೇಲಿನ ತಗಡಿನ ಅಂಚಿಗೆ ಟೇಪು ಹಿಡಿದ. ಬಲಗಡೆ ಕಡಿಮೆ. ಎತ್ತರ ಹೆಚ್ಚುಕಡಿಮೆ ಮಾಡುವ, ಸ್ಪ್ರಿಂಗಿನ ಕೆಳಗಿನ ಬಳೆ ತಿರುಗಿಸಿ, ಕಾರನ್ನು ಹಿಂದೆ ಮುಂದೆ ಉರುಳಿಸಿ ಮತ್ತೆ ಅಳೆದ. ಆಗಲೂ ಕಡಿಮೆ. ಕಾರನ್ನು ತಮಿಳಿನಲ್ಲಿ ಬೈಯತೊಡಗಿದ.

ನಾನು ಲೋಟ ತೊಳೆದು ಚೆಲ್ಲಿದ ನೀರು ಬಲಕ್ಕೇ ಓಡಿತು. ಮಗನ ಕಿವಿಯಲ್ಲಿ ನಮ್ಮ ಮಾತಿನಲ್ಲೇ ಅಂದೆ: "ಓರೆ ನೆಲದಲ್ಲಿ ನಿಲ್ಲಿಸ್ಕೊಂಡು ಈ ವಯ್ಯ ಕಾರಿಗೆ ಬೈತಾನಲ್ಲ!"

"ಅವ್ವಾ, ಈ ವಯ್ಯನಿಗೂ ಕನ್ನಡ ಬತ್ತದೆ," ಅಂದಿತು ಕಾರಿನಡಿಯ ದನಿ.

ಸೆರಗು ಬಾಯಿಗಿಟ್ಟುಕೊಂಡೆ. ಮಗನಿಗೆ ನಗು ತಡೆಯಲಾಗಲಿಲ್ಲ.

ಮೇಸ್ತ್ರಿ ಕಾರನ್ನು ಸಿಮೆಂಟು ನೆಲಕ್ಕೆ ತಳ್ಳಿಸಿ, ತಿರುಗಿಸಿದ್ದನ್ನೆಲ್ಲ ವಾಪಸು ತಿರುಗಿಸಿ ಅಳೆದ. ಎರಡೂ ಕಡೆ ಒಂದೇ ಅಳತೆ! "ಇನ್ನೇನು ಕೊರತೆ, ಹೇಳವ್ವಾ. ಬೈದಾದ ಮೇಲೆ ನಾಚಿಕೆ ಯಾಕೆ?"

ಹೌದಲ್ಲ ಅನ್ನಿಸಿತು. "ಹತ್ತೋಕಾಗಲ್ಲಪ್ಪ," ಅಂದೆ.

"ಮಣೆ ಇದ್ರೆ ಸಾಕು ಅಂದ್ಕೊಂಡಿದ್ದೆ. ಮೊದಲೇ ಹೇಳಬಾರದಾ ಅವ್ವಾ!" ಎಂದ ಮಗ. ಆಮೇಲೆ ಮೇಸ್ತ್ರಿಗೆ, "ಇಳಿಸಿದ್ರೆ ಕಲ್ಲು ತಾಗಲ್ವಾಣ್ಣಾ?"

"ಎರಡು ಬೆರಳಿಗೆ ತಾಗಲ್ಲ. ನಮ್ಮವ್ವನಿಗೂ ಇದೇ ಪಾಡು."

ನಾಲ್ಕೂ ಚಕ್ರದ ಕಡೆ ಇಳಿಸಿದ. ಬಾಗಿಲ ಕೆಳಗೆ ಕಾಲಿಡಲು ಒಂದು ಕಬ್ಬಿಣದ ಮೆಟ್ಟಿಲೂ ಹಾಕಿಕೊಟ್ಟ. ಯಾರ ಕೈಯೂ ಹಿಡಿಯದೆ ನಾನೇ ಹತ್ತಿದೆ. ನಾನು, ಮಗ, ನನ್ನ ಬುಟ್ಟಿಗಳು ಎಲ್ಲ ಒಳಗಿದ್ದಾಗ ಇನ್ನೊಮ್ಮೆ ಅಳೆದು, "ಹೋಗಿಬನ್ನಿ" ಅಂದ.

ತೋಟದ ಅಂಗಳದಲ್ಲಿ ಬೀಗರೆಲ್ಲ ನಿಂತಿದ್ದರು. ಸೆರಗು ಸರಿಮಾಡಿಕೊಂಡು ನೆಟ್ಟಗೆ ಇಳಿದೆ. ಮಣೆ ತೇನಿಯಲ್ಲೇ ಉಳಿದುಹೋಗಿತ್ತು. ಮಗಳು ಮೂರು ಸಲ ಹುಳಿಯನ್ನ ಹಾಕಿಸಿಕೊಂಡಳು. ಆಗ ಅವಳ ಹೊಟ್ಟೆಯಲ್ಲಿದ್ದವಳೇ, ಮೊಮ್ಮಕ್ಕಳೇ, ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು; ಅವಳಿಗೆ ಈಗಲೂ ಆ ಹುಳಿಯನ್ನವೇ ಬೇಕು.